ಅಯಸ್ಕಾಂತ ಹಿಡಿದು ಕಾರು ನೋಡಲು ಹೋದದ್ದು

ನೋಡಿ ತರುವುದು ಒಂದು ವಿದ್ಯೆ. ಅದು ನನಗೆ ಒಲಿದಿಲ್ಲ. ಸಂತೆಯಿಂದ ನಾನು ಬದನೆಕಾಯಿ ತಂದರೆ ನಮ್ಮ ಮನೆಯಲ್ಲಿ ಮೊದಲು ಹೆಚ್ಚುವುದಿಲ್ಲ, ವಿಚಾರಣೆ ನಡೆಸುತ್ತಾರೆ. ನನ್ನ ಹೆಂಡತಿ ಸುಜಾತಾ ಚೀಲವನ್ನು ಕಟ್ಟೆಯ ಮೇಲೆ ಸುರುವಿ, ಒಂದೊಂದೇ ಕಾಯಿ ತಿರುಗಿಸಿ, ತೂತು ಕಂಡಲ್ಲಿ ಬೆರಳಿಟ್ಟು, "ನೋಡಿ ತಂದೀರೇನ್ರಿ?" ಎಂದು ಕೇಳುತ್ತಾಳೆ. ಈ ಪ್ರಶ್ನೆಗೆ ಹೌದು ಎಂದರೂ ಕಷ್ಟ, ಇಲ್ಲ ಎಂದರೂ ಕಷ್ಟ. ಹೌದೆಂದರೆ ನನಗೆ ಕಣ್ಣಿಲ್ಲವೆಂದಾಗುತ್ತದೆ, ಇಲ್ಲವೆಂದರೆ ಜವಾಬ್ದಾರಿ ಇಲ್ಲವೆಂದಾಗುತ್ತದೆ. ನಿಜವಾಗಿ ನಾನು ನೋಡಿಯೇ ತರುತ್ತೇನೆ. ಆದರೆ ನಾನು ನೋಡುವುದು ಮಾರುವವರ ಮುಖವನ್ನು. ಬಿಸಿಲಿನಲ್ಲಿ ಕುಳಿತ ಮುದುಕಿಯ ಎದುರು ಅವಳ ಬದನೆಕಾಯಿಯನ್ನು ಕಣ್ಣಿನ ಹತ್ತಿರ ಹಿಡಿದು ಹುಳ ಹುಡುಕಲು ನನಗೆ ಸಂಕೋಚ. ಅವಳನ್ನೇ ಕಳ್ಳಿ ಎಂದಂತೆ ಅನ್ನಿಸುತ್ತದೆ. ಹೀಗಾಗಿ ನಮ್ಮ ಮನೆಯಲ್ಲಿ ತಿರುಗುವಾಗ ಕೂಗುವ ಫ್ಯಾನು, ಒಂದು ಕಾಲಿಗೆ ಬಿಗಿ ಇನ್ನೊಂದಕ್ಕೆ ಸಡಿಲಾಗುವ ಚಪ್ಪಲಿ, ಮುಚ್ಚಳ ಕೂರದ ಡಬ್ಬಿ, ಎಲ್ಲವೂ ಇವೆ. ಎಲ್ಲವೂ ಒಳ್ಳೆಯ ಮುಖದವರಿಂದ ಕೊಂಡವು. ಮದುವೆಯ ವಿಷಯದಲ್ಲಿ ಮಾತ್ರ ನೋಡಿ ಆರಿಸಿದ್ದು ಅವಳು. ಆ ಒಂದು ಸಲ ಅವಳ ಕಣ್ಣೂ ತಪ್ಪಿತ್ತಲ್ಲ ಎಂದು ನಾನು ವಾದಿಸಬಹುದಿತ್ತು. ಗೆದ್ದರೆ ಮರ್ಯಾದೆ ಹೋಗುವುದು ನನ್ನದೇ ಎಂದು ಸುಮ್ಮನಿದ್ದೇನೆ.

ಇಂಥವನು ಹಳೆಯ ಕಾರೊಂದನ್ನು ನೋಡಿ ತರಬೇಕಾದ ಪ್ರಸಂಗ ಹೋದ ಬೇಸಿಗೆಯಲ್ಲಿ ಬಂತು. ನಾನು ಬೀದರಿನ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ. ಮನೆಯಿಂದ ಕಾಲೇಜಿಗೆ ನಡೆದೇ ಹೋಗಬಹುದು, ಆದರೂ ಮೋಟಾರ್ ಸೈಕಲ್ಲಿನ ಮೇಲೆ ಹೋಗುತ್ತೇನೆ. ಅದು ಮದುವೆಗೆ ಮೊದಲೇ ಮನ್ನಳ್ಳಿಯ ಒಬ್ಬ ಸಜ್ಜನರಿಂದ ಕೊಂಡ ಹಳೆಯ ಗಾಡಿ. ಸುಜಾತಾಳಿಗೆ ಈ ಸುಖವಿಲ್ಲ. ಅವಳು ಸಂತಪುರದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಬೆಳಿಗ್ಗೆ ಔರಾದಿನ ಬಸ್ಸು ಹಿಡಿಯಬೇಕು. ಬಸ್ಸು ನಿಲ್ದಾಣಕ್ಕೆ ಬರುವ ಮೊದಲೇ ಜನ ಅದರ ಜೊತೆ ಓಡುತ್ತ ಕಿಟಕಿಯೊಳಗೆ ಟವೆಲ್ಲು, ಚೀಲ, ಟೊಪ್ಪಿಗೆ ಎಸೆದು ಸೀಟು ಹಿಡಿಯುತ್ತಾರೆ. ಹೆಂಡತಿಯ ಸಲುವಾಗಿ ಕೆಲವು ದಿನ ನಾನೂ ಹೋಗಿ ಕರವಸ್ತ್ರ ಎಸೆದೆ. ಕರವಸ್ತ್ರ ಸುಖವಾಗಿ ಔರಾದ್ ತಲುಪಿತು, ಸುಜಾತಾ ನಿಂತೇ ಸಂತಪುರ ತಲುಪಿದಳು.

ಹೀಗೆ ನಿಂತು ನಿಂತು ಅವಳ ಸೊಂಟ ಹಿಡಿದುಕೊಂಡಿತು. ಎತ್ತಿ ಒಗೆಯುವ ಬಸ್ಸಿನಲ್ಲಿ ಇನ್ನು ನಿಲ್ಲಬೇಡಿ ಎಂದು ಡಾಕ್ಟರು ಹೇಳಿದರು. ಎಲ್ಲಿ ಕೂರಬೇಕು ಎನ್ನುವುದನ್ನು ಅವರು ಹೇಳಲಿಲ್ಲ. ಏಪ್ರಿಲ್ಲಿನಲ್ಲಿ ರಜೆ ಶುರುವಾದ ದಿನ ಅವಳು ಶಾಲೆಯಿಂದ ಬಂದು ಗೋಡೆಗೆ ಬೆನ್ನು ಕೊಟ್ಟು ಕೂತವಳು, "ಸಾಲಿ ಚಾಲೂ ಆಗೋದ್ರಾಗ ಏನರ ಆಗ್ಬೇಕ್ರಿ. ಇನ್ನೊಂದು ವರ್ಷ ಹಿಂಗ ಆಗಂಗಿಲ್ಲ. ನಾ ನೌಕರಿ ಬಿಡ್ತೇನಿ" ಎಂದಳು. ನನ್ನನ್ನು ಹೆದರಿಸಲು ಹೇಳಿದ ಮಾತಾಗಿದ್ದರೆ ನಾನು ಹೆದರುತ್ತಿರಲಿಲ್ಲ. ಅದು ಹಾಗಿರಲಿಲ್ಲ. ಎರಡನೆಯ ತರಗತಿಯ ಮಕ್ಕಳ ಸುದ್ದಿ ಹೇಳದೆ ಅವಳಿಗೆ ರಾತ್ರಿ ಊಟ ಇಳಿಯುವುದಿಲ್ಲ. ಅಂಥವಳು ಶಾಂತವಾಗಿ, ಪಲ್ಯಕ್ಕೆ ಉಪ್ಪು ಕಡಿಮೆ ಎನ್ನುವ ಧ್ವನಿಯಲ್ಲಿ, ಬಿಡುತ್ತೇನೆ ಎಂದದ್ದು ನನಗೆ ಬಹಳ ಸಂಕಟವಾಯಿತು. ಕಾರು ಓಡಿಸಲು ಅವಳು ಆಗಲೇ ಕಲಿತು ಲೈಸೆನ್ಸ್ ತೆಗೆದುಕೊಂಡಿದ್ದಳು. ನನ್ನ ಬಳಿಯೂ ಕಾರಿನ ಲೈಸೆನ್ಸ್ ಇದೆ, ಗುರುತಿನ ಚೀಟಿಯಾಗಿ ಬಹಳ ಉಪಯೋಗಕ್ಕೆ ಬಂದಿದೆ. ಹೊಸ ಕಾರು ನಮ್ಮ ಅಳವಿಗೆ ಮೀರಿದ್ದು. ಹಳೆಯದನ್ನು ನೋಡುವುದೆಂದು ನಿಶ್ಚಯವಾಯಿತು. ನೋಡುವವನು ನಾನು ಎಂದು ನಾನೇ ನಿಶ್ಚಯ ಮಾಡಿಕೊಂಡೆ.

ಗ್ರಂಥಪಾಲಕನಾದವನು ಎಲ್ಲದಕ್ಕೂ ಮೊದಲು ಓದಿಕೊಳ್ಳಬೇಕು. ನಮ್ಮ ಗ್ರಂಥಾಲಯದಲ್ಲಿ ಇದಕ್ಕೆ ಪುಸ್ತಕ ಸಿಗದೆ ಮೊಬೈಲಿನಲ್ಲಿ ವಿಡಿಯೋ ನೋಡತೊಡಗಿದೆ. ಗಡ್ಡ ಬಿಟ್ಟ ಒಬ್ಬ ಹುಡುಗ ಪ್ರತಿ ವಿಡಿಯೋದಲ್ಲೂ ಒಂದು ಕಾರಿನ ಮುಂದೆ ನಿಂತು, ಇದರಲ್ಲಿ ಅಡಗಿರುವ ದೋಷ ಯಾವುದು ಹೇಳಿ ಎಂದು ಕೇಳುತ್ತಿದ್ದ. ನಾನು ಊಟ ಬಿಟ್ಟು ಯೋಚಿಸುತ್ತಿದ್ದೆ. ಕಲಿತದ್ದು ಬಹಳ. ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತವನ್ನು ಕಾರಿನ ಮೈಗೆ ಹಚ್ಚಬೇಕು, ಹಿಡಿಯದಿದ್ದರೆ ಅಲ್ಲಿ ತಗಡಿನ ಮೇಲೆ ಪುಟ್ಟಿ ಮೆತ್ತಿದ್ದಾರೆ ಎಂದರ್ಥ. ಹೋದಕೂಡಲೇ ಬಾನೆಟ್ ಮುಟ್ಟಿ ನೋಡಬೇಕು, ಬಿಸಿಯಿದ್ದರೆ ಮಾಲೀಕ ಮೊದಲೇ ಇಂಜಿನ್ ಚಾಲೂ ಮಾಡಿ ಅದರ ತೊಂದರೆ ಮುಚ್ಚಿಟ್ಟಿದ್ದಾನೆ. ಪೆಡಲ್ಲಿನ ರಬ್ಬರು ಸವೆದಿದ್ದು ಮೀಟರು ಮಾತ್ರ ಕಡಿಮೆ ತೋರಿಸಿದರೆ ಮೀಟರು ಸುಳ್ಳು. ಕಾಲಿನಡಿಯ ಹಾಸು ಎತ್ತಿ ನೋಡಬೇಕು. ಕೆಳಗೆ ಎಣ್ಣೆ ಸೋರಿದೆಯೋ ನೋಡಬೇಕು. ಮಾಲೀಕ ಮಾತಾಡಿಸುತ್ತಿದ್ದರೆ ಮಾತಾಡಬಾರದು. ಈ ಕೊನೆಯದು ನಮ್ಮ ಕಡೆ ಹೇಗೆ ಸಾಧ್ಯವೋ ಆ ಹುಡುಗ ಹೇಳಲಿಲ್ಲ.

ಮೊದಲು ನೋಡಿದ ಕಾರು ಔರಾದಿನದು. ಮಾರುವವನು ಬಹಳ ಚಂದದ ಮನುಷ್ಯ. ಒಳಗೆ ಕೂರಿಸಿದವನೇ ದೊಡ್ಡದಾಗಿ ಹಾಡು ಹಚ್ಚಿದ. ಇಂಜಿನ್ನಿನ ಸದ್ದು ಕೇಳಬೇಕೆಂದು ನಾನು ಹಾಡು ಸಣ್ಣದು ಮಾಡಿದೆ, ಅವನು ದೊಡ್ಡದು ಮಾಡಿದ. ಹೀಗೆ ಸ್ವಲ್ಪ ಹೊತ್ತು ನಡೆಯಿತು. ಆಮೇಲೆ ಹಾಡು ಚೆನ್ನಾಗಿದೆ ಎನ್ನಿಸಿ ನಾನೇ ಬಿಟ್ಟುಬಿಟ್ಟೆ. ಇಳಿಯುವಾಗ ಹಾಸಿನ ಪಾಠ ನೆನಪಾಗಿ, ಚಪ್ಪಲಿ ಹುಡುಕುವ ನೆವದಲ್ಲಿ ಅದರ ಮೂಲೆ ಎತ್ತಿದೆ. ಅಡಿಯಲ್ಲಿ ಹೆಸರುಕಾಳು ಮೊಳಕೆ ಒಡೆದಿತ್ತು. ಯಾವಾಗಲೋ ಚೀಲ ಸಾಗಿಸುವಾಗ ಚೆಲ್ಲಿದ ಕಾಳು, ಎ.ಸಿ.ಯಿಂದ ಒಳಗೆ ಸೋರುವ ನೀರಿಗೆ ಬೆಳೆದು ಬಿಳಿಯ ಬಾಲ ಬಿಟ್ಟು ಸೊಂಪಾಗಿತ್ತು. ಅದನ್ನು ಅವನಿಗೆ ತೋರಿಸುವ ಧೈರ್ಯ ನನಗಾಗಲಿಲ್ಲ. ಹಾಸನ್ನು ಮೆಲ್ಲಗೆ ಇದ್ದ ಹಾಗೆಯೇ ಹೊದಿಸಿ, ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಬಂದೆ. ಆದರೆ ಅಂದಿನಿಂದ ನನ್ನ ನಡಿಗೆ ಬದಲಾಯಿತು. ಜೀವಮಾನದಲ್ಲಿ ನಾನು ಕಂಡುಹಿಡಿದ ಮೊದಲ ದೋಷ ಅದು. ಕಾಲೇಜಿನಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಹಳೆಯ ಗಾಡಿ ಕೊಳ್ಳುವ ಇಬ್ಬರು ನನ್ನ ಸಲಹೆ ಕೇಳಿದರು, ಕೊಟ್ಟೆ.

ಭಾಲ್ಕಿಯ ಕಾರಿನ ಸುದ್ದಿ ಬಂದದ್ದು ಹೀಗೆ ಸಲಹೆ ಕೊಡುತ್ತಿದ್ದ ದಿನಗಳಲ್ಲಿ. ಮಾಲೀಕರು ಮಾಣಿಕರಾವ್ ಎಂಬ ಹಿರಿಯರು, ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿಗಳನ್ನು ತೂಗುವ ಕಾಟಾದ ಮೇಲೆ ಕೂತು ನಿವೃತ್ತರಾದವರು. ಊರಿಗೆಲ್ಲ ಕಾಕಾ. ಕಣ್ಣು ಮಂದವಾಗಿ ಡಾಕ್ಟರು ಓಡಿಸಬೇಡಿ ಎಂದದ್ದಕ್ಕೆ ಮಾರುತ್ತಿದ್ದರು. ದರದ ಮಾತು ಫೋನಿನಲ್ಲೇ ಮುಗಿದಿತ್ತು, ಗಾಡಿ ನೋಡುವುದಷ್ಟೇ ಉಳಿದಿತ್ತು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಮಾವಿನಹಣ್ಣಿನ ಆಕಾರದ ಅಯಸ್ಕಾಂತವನ್ನು ಕರವಸ್ತ್ರದಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡೆ. ಭಾನುವಾರ ಸುಜಾತಾಳನ್ನು ಮೋಟಾರ್ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೊರಟೆ. ಹಲಬರ್ಗಾ ದಾಟುವಾಗ ಅವಳು, ಸೊಂಟಕ್ಕೆ ಬಸ್ಸೇ ಬೇಕಾಗಿತ್ತು ಎಂದಳು. ಗಾಳಿಗೆ ಕೇಳಿಸದವನಂತೆ ಇದ್ದೆ.

ಅಂಗಳದಲ್ಲಿ ಬೇವಿನ ಮರ, ಮರದ ನೆರಳು ಸರಿದುಹೋದ ಜಾಗದಲ್ಲಿ ಬಿಳಿಯ ಸಣ್ಣ ಕಾರು. ಅದರ ಪಕ್ಕದಲ್ಲೇ ನನ್ನ ಗಾಡಿ ನಿಲ್ಲಿಸಿದೆ. ಕಾಕಾ ಬರುವುದರೊಳಗೆ ಮೊದಲ ಪರೀಕ್ಷೆ ಮುಗಿಸೋಣವೆಂದು ಬಾನೆಟ್ ಮೇಲೆ ಅಂಗೈ ಇಟ್ಟೆ. ಸುಟ್ಟುಹೋಯಿತು. ಮಾಲೀಕ ಮೊದಲೇ ಚಾಲೂ ಮಾಡಿಟ್ಟಿದ್ದಾನೆ, ಸಿಕ್ಕಿಬಿದ್ದ ಎಂದುಕೊಂಡೆ. ಆಮೇಲೆ ಯೋಚಿಸಿದರೆ ಅದು ಮೇ ತಿಂಗಳ ಭಾಲ್ಕಿ. ಕಾಂಪೌಂಡಿನ ಗೋಡೆ ಮುಟ್ಟಿದೆ, ಅದೂ ಬಿಸಿ. ಗೇಟಿನ ಚಿಲಕ ಬಿಸಿ, ನನ್ನ ತಲೆ ಬಿಸಿ. ಆ ಗಡ್ಡದ ಹುಡುಗ ಎಲ್ಲಿಯೋ ತಂಪು ಊರಿನವನಿರಬೇಕು.

ಕಾಕಾ ಹೊರಗೆ ಬಂದವರು ಗಾಡಿಯ ಕಡೆ ನೋಡಲೂ ಬಿಡಲಿಲ್ಲ. "ಮೊದಲ ಊಟ ಮಾಡ್ರಿ ಸರ. ಗಾಡಿ ಎಲ್ಲಿಗೂ ಓಡಿ ಹೋಗಂಗಿಲ್ಲ" ಎಂದರು. ಒಳಗಿನಿಂದ ಅವರ ಹೆಂಡತಿ ಕಾಕು ಬಂದು ಸುಜಾತಾಳ ಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದರು. ನಮ್ಮಲ್ಲಿ ವ್ಯವಹಾರ ಹೀಗೆಯೇ. ಗಂಡಸರು ಪಡಸಾಲೆಯಲ್ಲಿ, ಹೆಂಗಸರು ಒಳಗೆ. ಸೀರೆ ಕೊಳ್ಳುವ ಮಾತಾದರೂ ಪಡಸಾಲೆಯಲ್ಲಿಯೇ ಆಗಬೇಕು. ನನಗೂ ಆ ಹೊತ್ತಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಜೋಳದ ಭಕ್ಕರಿ, ಎಣ್ಣೆಗಾಯಿ ಬದನೆ, ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು ಬಂದವು. ಬದನೆಕಾಯಿ ಒಂದರಲ್ಲೂ ಹುಳವಿರಲಿಲ್ಲ. ಇಂಥ ಮನೆಯಲ್ಲಿ ಇಂಥ ಊಟ ಮಾಡಿದ ಮೇಲೆ ಅವರ ಕಾರಿನ ಹೊಟ್ಟೆಯಡಿ ಮಲಗಿ ಹುಳುಕು ಹುಡುಕುವುದು ಹೇಗೆ ಎಂದು ನನಗೆ ಎರಡನೆಯ ಭಕ್ಕರಿಗೇ ಚಿಂತೆ ಹತ್ತಿತು.

ಚಿಂತೆ ಬೇಕಿರಲಿಲ್ಲ. ನಾನು ಉಣ್ಣುತ್ತಿದ್ದಂತೆ ಕಾಕಾ ತಾವೇ ಎಲ್ಲ ಹೇಳಿದರು. ಎಡಗಡೆಯ ಹಿಂದಿನ ಬಾಗಿಲಿಗೆ ಕಬ್ಬಿನ ಟ್ರ್ಯಾಕ್ಟರ್ ತಾಗಿ ಪುಟ್ಟಿ ಹಾಕಿಸಿ ಬಣ್ಣ ಹೊಡೆಸಿದ್ದರಂತೆ. ಚಳಿಗಾಲದ ಬೆಳಿಗ್ಗೆ ಎರಡನೆಯ ಗೇರು ಸ್ವಲ್ಪ ಹಟ ಮಾಡುತ್ತದಂತೆ. ಎ.ಸಿ. ತಂಪಾಗಲು ಹೊತ್ತು ಹಿಡಿಯುತ್ತದೆ, ಹಿಂದಿನ ಬಲಗಡೆಯ ಕಿಟಕಿ ಪೂರ್ತಿ ಇಳಿಯುವುದಿಲ್ಲ, ಸ್ಟೆಪ್ನಿ ಟಾಯರು ಬದಲಿಸಬೇಕು. ಒಂದೊಂದು ದೋಷಕ್ಕೂ ನಡುವೆ, ಹಿಂಡಿ ಹಾಕಿಸಿಕೊಳ್ಳಿ ಎನ್ನುತ್ತಿದ್ದರು. ನನಗೆ ಗಾಬರಿಯಾಯಿತು. ನಾನು ಕಲಿತ ವಿದ್ಯೆಯೆಲ್ಲ ಸುಳ್ಳು ಹೇಳುವವನ ಎದುರಿನದು. ಮಾರುವವನೇ ದೋಷ ಹೇಳತೊಡಗಿದರೆ ಏನು ಮಾಡಬೇಕೆಂದು ಯಾವ ವಿಡಿಯೋದಲ್ಲೂ ಇರಲಿಲ್ಲ. ಇಷ್ಟು ಸಣ್ಣವನ್ನು ಹೇಳುವ ಮನುಷ್ಯ ಯಾವುದೋ ದೊಡ್ಡದನ್ನು ಮುಚ್ಚಿಡುತ್ತಿರಬೇಕು ಎಂದು ನನಗೆ ಖಾತ್ರಿಯಾಯಿತು. ಬದನೆಕಾಯಿ ಮಾರುವ ಮುದುಕಿಯನ್ನು ಎಂದೂ ಅನುಮಾನಿಸದವನು ಈ ಒಳ್ಳೆಯ ಮನುಷ್ಯನನ್ನು, ಅದೂ ಅವರ ಮೊಸರು ಕಲೆಸುತ್ತ, ಅನುಮಾನಿಸಿದೆ.

ಕೈತೊಳೆದು ಅಂಗಳಕ್ಕೆ ಇಳಿದೆವು. ಕಾಕಾ ಬೇವಿನ ಬುಡದ ಕಟ್ಟೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತ, ನೋಡ್ರಿ ಸಾವಕಾಶ ಎಂದರು. ನಾನು ಅಯಸ್ಕಾಂತ ತೆಗೆದು ಎಡಗಡೆಯ ಹಿಂದಿನ ಬಾಗಿಲಿಗೆ ಹಚ್ಚಿದೆ. ಅದು ಹಿಡಿಯದೆ ಪಟ್ಟನೆ ಕೆಳಗೆ ಬಿತ್ತು. ಎಷ್ಟು ಸಂತೋಷವಾಯಿತೆಂದರೆ, ಅವರು ಆ ಬಾಗಿಲಿನ ವಿಷಯ ಆಗಲೇ ಹೇಳಿದ್ದಾರೆ ಎನ್ನುವುದು ನೆನಪಾಗಲು ಸ್ವಲ್ಪ ಹೊತ್ತು ಬೇಕಾಯಿತು. ಬೇರೆ ಎಲ್ಲ ಕಡೆ ಅಯಸ್ಕಾಂತ ಗಟ್ಟಿಯಾಗಿ ಹಿಡಿಯಿತು. ಮುಂದೆ ಹಿಡಿಯಿತು, ಹಿಂದೆ ಹಿಡಿಯಿತು, ಚಾವಣಿಯ ಮೇಲೆ ಬಿಡಿಸಲು ಬಾರದಷ್ಟು ಹಿಡಿಯಿತು. ಕಾಕಾ ಎದ್ದು ಬಂದು, ತಮ್ಮ ಕಾರಿನ ನೆತ್ತಿಯ ಮೇಲಿದ್ದ ಮಾವಿನಹಣ್ಣನ್ನು ಕಿತ್ತು ನನ್ನ ಕೈಗೆ ಕೊಟ್ಟು, ಏನೂ ಕೇಳದೆ ಹೋಗಿ ಕೂತರು. ಪೆಡಲ್ಲಿನ ರಬ್ಬರು ಸರಿಯಿತ್ತು. ಹಾಸಿನ ಅಡಿಯಲ್ಲಿ ಯಾವ ಬೆಳೆಯೂ ಇರಲಿಲ್ಲ.

ಉಳಿದದ್ದು ಎಣ್ಣೆ. ಇಸ್ತ್ರಿಯ ಅಂಗಿಯನ್ನು ಲೆಕ್ಕಿಸದೆ ನೆಲದ ಮೇಲೆ ಅಂಗಾತ ಮಲಗಿ ಕಾರಿನ ಅಡಿಯಲ್ಲಿ ತೂರಿದೆ. ಅಲ್ಲಿ ಏನೇನೋ ಕೊಳವೆ, ಏನೇನೋ ಬೋಲ್ಟು. ಯಾವುದು ಏನೆಂದು ತಿಳಿಯದಿದ್ದರೂ ಒಂದೊಂದನ್ನೂ ಮುಟ್ಟಿ ಹೂಂ ಎಂದೆ. ಆಮೇಲೆ ತಲೆ ಹೊರಳಿಸಿದಾಗ ಕಂಡಿತು. ಕಾರಿನ ಪಕ್ಕದ ಫರಸಿಕಲ್ಲಿನ ಮೇಲೆ ಕಪ್ಪು ಎಣ್ಣೆ, ಇನ್ನೂ ಹಸಿಯದು, ಬೊಗಸೆಯಗಲ ಹರಡಿತ್ತು. ಇವರು ಮುಚ್ಚಿಟ್ಟದ್ದು ಇದೇ. ತೆವಳುತ್ತ ಹೊರಬಂದು, ಧೂಳು ಕೂಡ ಕೊಡವದೆ, ಆ ಕಲೆಯನ್ನು ತೋರಿಸಿ ಬಹಳ ಗಂಭೀರವಾಗಿ, "ಕಾಕಾ, ಈ ಎಣ್ಣಿ ಎಲ್ಲಿಂದ ಸೋರಲಿಕತ್ತದ್ರಿ?" ಎಂದು ಕೇಳಿದೆ.

ಕಾಕಾ ಕಟ್ಟೆಯಿಂದ ಇಳಿದು ಬಂದರು. ಮಂದವಾದ ಕಣ್ಣು ಕಿರಿದು ಮಾಡಿ ಕಲೆಯನ್ನು ನೋಡಿದರು. ಆಮೇಲೆ ಕಲೆಯ ನೇರ ಮೇಲೆ ನಿಂತಿದ್ದ ನನ್ನ ಮೋಟಾರ್ ಸೈಕಲ್ಲನ್ನು ನೋಡಿದರು. ನಾವಿಬ್ಬರೂ ನೋಡುತ್ತಿದ್ದಂತೆ ಅದು ಇನ್ನೊಂದು ಹನಿ ಉದುರಿಸಿತು. ನಮ್ಮ ಮನೆಯ ಮುಂದೆ ಬರೀ ಮಣ್ಣು, ಬಿದ್ದದ್ದನ್ನು ಅದು ಕುಡಿದುಬಿಡುತ್ತದೆ, ನನಗೆ ಈ ವಿಷಯ ಗೊತ್ತಾಗುವ ಅವಕಾಶವೇ ಬಂದಿರಲಿಲ್ಲ. ಕಾಕಾ ಕುಕ್ಕರಗಾಲಿನಲ್ಲಿ ಕೂತು ಇಂಜಿನ್ನಿನ ಅಡಿ ಬೆರಳಾಡಿಸಿದರು. ಚೈನು ಎಳೆದು ನೋಡಿದರು, ಜೋತುಬಿದ್ದಿತ್ತು. ಟಾಯರಿನ ಮೇಲೆ ಅಂಗೈ ಸವರಿದರು, ನುಣ್ಣಗಿತ್ತು. ಒಡೆದ ಕನ್ನಡಿಯಲ್ಲಿ ತಮ್ಮ ಮುಖ ನೋಡಿಕೊಂಡರು. ಬ್ರೇಕ್ ಒತ್ತಿದರು. ಕಾಟಾದ ಮೇಲೆ ಜೀವನವಿಡೀ ಕೂತವರು, ಯಾವ ಗಾಡಿ ಏನು ಹೊತ್ತಿದೆ ಎಂದು ನೋಡುತ್ತಲೇ ಬಂದವರು. ನಾನು ಅವರ ಕಾರಿಗೆ ಮಾಡಿದ ಪರೀಕ್ಷೆಯೆಲ್ಲ ನನ್ನ ಗಾಡಿಗೆ ಆಯಿತು, ಅಯಸ್ಕಾಂತ ಒಂದು ಬಿಟ್ಟು. ಅದು ನನ್ನ ಕೈಯಲ್ಲಿಯೇ ಇತ್ತು.

ಆಮೇಲೆ ಕೈ ಒರೆಸಿಕೊಂಡು ಹೇಳಿದರು. "ಸರ, ಸಿಟ್ಟಾಗಬ್ಯಾಡ್ರಿ. ಉಂಡ್ರಿ, ಖುಷಿ ಆತು. ಆದರ ಗಾಡಿ ನಿಮಗ ಕೊಡ್ಲಿಕ್ಕ ಮನಸ್ಸು ಒಪ್ಪವಲ್ದು. ದಿನಾ ಮುಂಜಾನಿ ಅದನ್ನ ಚಾಲೂ ಮಾಡಿ ಗೇಟಿನ ತನಕಾ ಒಯ್ದು ಹಿಂದಕ್ಕ ತರ್ತೇನಿ. ನಿಮ್ಮ ಕೈಯಾಗ ಅದು ಆರು ತಿಂಗಳ ಬದುಕಂಗಿಲ್ಲ."

ಹುಡುಗಿಯನ್ನು ನೋಡಲು ಹೋಗಿ ತಾವೇ ನಪಾಸಾಗಿ ಬಂದ ವರರ ಕಥೆ ಕೇಳಿದ್ದೆ. ಅಷ್ಟು ನಾಚಿಕೆ ಅಲ್ಲಿಯೂ ಇರಲಾರದು. ಆದರೆ ನಾಚಿಕೆಗಿಂತ ದೊಡ್ಡದು ಬಾಗಿಲಲ್ಲಿ ನಿಂತ ಸುಜಾತಾಳ ಮುಖ. ಕಾಕುವಿನ ಜೊತೆ ಪಾತ್ರೆ ಎತ್ತಿಟ್ಟು ಹೊರಗೆ ಬಂದವಳು ಅಷ್ಟೂ ಮಾತು ಕೇಳಿಸಿಕೊಂಡಿದ್ದಳು. ಶಾಲೆ ಶುರುವಾಗಲು ಹೆಚ್ಚು ದಿನ ಉಳಿದಿರಲಿಲ್ಲ. ಇನ್ನೊಂದು ಕಾರು ಹುಡುಕುವ ಹೊತ್ತಿಗೆ ಅವಳು ಹೇಳಿದ್ದನ್ನು ಮಾಡಿಯೇ ಬಿಡುತ್ತಿದ್ದಳು. ಒಬ್ಬ ಒಳ್ಳೆಯ ಶಿಕ್ಷಕಿಯ ನೌಕರಿ ಒಂದು ಹನಿ ಎಣ್ಣೆಯಲ್ಲಿ ಜಾರಿ ಹೋಗುತ್ತಿತ್ತು, ಆ ಎಣ್ಣೆ ನನ್ನದು.

ಸುಜಾತಾ ಮೆಟ್ಟಿಲಿಳಿದು ಬಂದಳು. ಸೊಂಟದ ಮೇಲೆ ಒಂದು ಕೈ ಇತ್ತು.

"ಗಾಡಿ ಅವರಿಗಲ್ಲರಿ ಕಾಕಾ, ನನಗ" ಎಂದಳು. "ನಡಸಾಕಿ ನಾ ಇದ್ದೇನಿ."

ಕಾಕಾ ನನ್ನ ಕಡೆ ತಿರುಗಿದರು. ಅದನ್ನು ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಅವರ ಮುಖದ ಮೇಲೆಯೇ ಇತ್ತು. ಯಾಕೆ ಹೇಳಲಿಲ್ಲವೆಂದರೆ ಅವರು ಕೇಳಲಿಲ್ಲ. ಫೋನಿನಲ್ಲೂ ಕೇಳಲಿಲ್ಲ, ಊಟದಲ್ಲೂ ಕೇಳಲಿಲ್ಲ. ಕಾರು ಎಂದರೆ ಗಂಡಸಿಗೆ ಎಂದು ಅವರು ತಿಳಿದರು, ನೋಡುವುದು ಎಂದರೆ ಗಂಡಸಿನ ಕೆಲಸ ಎಂದು ನಾನು ತಿಳಿದೆ. ಆ ಕಾರನ್ನು ದಿನಾಲೂ ಓಡಿಸಬೇಕಾದವಳನ್ನು ಅಡುಗೆಮನೆಯಲ್ಲಿ ಕೂರಿಸಿ, ಓಡಿಸಲಾರದ ಇಬ್ಬರು, ಒಬ್ಬರಿಗೆ ಕಣ್ಣಿಲ್ಲ, ಇನ್ನೊಬ್ಬನಿಗೆ ಅಭ್ಯಾಸವಿಲ್ಲ, ಅಂಗಳದಲ್ಲಿ ಅದರ ಹಣೆಬರಹ ನಿರ್ಧರಿಸುತ್ತಿದ್ದೆವು.

ಕಾಕಾ ಕಿಸೆಯಿಂದ ಚಾವಿ ತೆಗೆದು ಅವಳಿಗೆ ಕೊಟ್ಟರು. ತಾವು ಮುಂದಿನ ಸೀಟಿನಲ್ಲಿ ಕೂತರು. ನಾನು ಹಿಂದೆ, ಪುಟ್ಟಿಯ ಬಾಗಿಲಿನ ಪಕ್ಕ. ಸುಜಾತಾ ಸೀಟು ಮುಂದೆ ಎಳೆದುಕೊಂಡಳು, ಬಿಸಿಲಿಗೆಂದು ತಲೆಗೆ ಸುತ್ತಿಕೊಂಡು ಬಂದಿದ್ದ ಓಢಣಿಯನ್ನು ಮಡಿಚಿ ಸೊಂಟದ ಹಿಂದೆ ಇಟ್ಟುಕೊಂಡಳು, ಕನ್ನಡಿ ಸರಿಮಾಡಿ ಅದರಲ್ಲಿ ನನ್ನನ್ನು ಒಮ್ಮೆ ನೋಡಿದಳು. ಸ್ಟೇಷನ್ನಿನ ದಾರಿ ಹಿಡಿದಳು. ಹಾಡು ಹಚ್ಚಲಿಲ್ಲ. ಕಿಟಕಿ ಇಳಿಸಿ ಇಂಜಿನ್ನಿನ ಸದ್ದು ಕೇಳುತ್ತ, ಉಬ್ಬು ಬಂದಲ್ಲಿ ನಿಧಾನ ಮಾಡಿ, ಎರಡನೆಯ ಗೇರಿಗೆ ಅವಸರವಿಲ್ಲದೆ ಬಂದಳು. ಎರಡನೆಯ ತರಗತಿಯ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸುವ ಕೈ ಅದು, ಗೇರು ಯಾವ ಹಟವನ್ನೂ ಮಾಡಲಿಲ್ಲ. ಮರಳಿ ಗೇಟಿನ ಮುಂದೆ ನಿಲ್ಲಿಸಿ ಅವಳು ಒಂದೇ ಪ್ರಶ್ನೆ ಕೇಳಿದಳು. ಸಂತಪುರದ ಹಾದಿಯಲ್ಲಿ ನಡುವೆ ಎಲ್ಲಾದರೂ ನಿಂತುಬಿಡುತ್ತದೆಯೇ ಎಂದು.

"ಇವತ್ತಿನ ತನಕಾ ಎಲ್ಲೂ ನಿಂತಿಲ್ಲ" ಎಂದರು ಕಾಕಾ. "ನಿಂತರ ನನಗ ಫೋನ್ ಮಾಡು ಮಗಳ. ನಾ ಬರ್ತೇನಿ."

ಕಣ್ಣು ಕಾಣದವರು ಹೇಗೆ ಬರುತ್ತಾರೆ ಎಂದು ಯಾರೂ ಕೇಳಲಿಲ್ಲ. ಸುಜಾತಾ ಸೆರಗಿನಿಂದ ಮುಖ ಒರೆಸಿಕೊಂಡಳು, ಸೆಕೆಯಿತ್ತು. ಹೊರಡುವಾಗ ಕಾಕಾ ನನ್ನನ್ನು ಬದಿಗೆ ಕರೆದು, ವಾರದೊಳಗೆ ನನ್ನ ಗಾಡಿಯ ಎಣ್ಣೆ ಸೋರುವುದನ್ನು ರಿಪೇರಿ ಮಾಡಿಸಬೇಕೆಂದು ಹೇಳಿದರು. ಖಂಡಿತ ಎಂದೆ.

ಮುಂದಿನ ಭಾನುವಾರ, ಕಾರು ಸುಜಾತಾಳ ಹೆಸರಿಗೆ ಆಗುವ ಕಾಗದಪತ್ರಗಳಿಗೆ ಕಾಕಾ ಅವರ ಸಹಿ ಹಾಕಿಸಿಕೊಂಡು ಹೊರಟೆವು. ಅವಳು ಕಾರಿನಲ್ಲಿ ಮುಂದೆ, ನಾನು ಮೋಟಾರ್ ಸೈಕಲ್ಲಿನ ಮೇಲೆ ಹಿಂದೆ. ಕಾಕಾ ಹೇಳಿದ ಕೆಲಸ ಆಗಿರಲಿಲ್ಲ. ಆ ವಾರವೆಲ್ಲ ನಾನು, ಕೊಂಡ ಕಾರನ್ನು ಹೇಗೆ ಚೆನ್ನಾಗಿ ಇಟ್ಟುಕೊಳ್ಳಬೇಕು ಎನ್ನುವ ವಿಡಿಯೋಗಳನ್ನು ನೋಡುವುದರಲ್ಲಿ ಇದ್ದೆ. ಹಲಬರ್ಗಾ ಇನ್ನೂ ದೂರವಿರುವಾಗ ನನ್ನ ಗಾಡಿ ಕೆಮ್ಮಿತು, ಹೊಗೆ ಬಿಟ್ಟಿತು, ನಿಂತಿತು. ಬಿಳಿಯ ಕಾರು ತಿರುವಿನಲ್ಲಿ ಮರೆಯಾಯಿತು. ತೊಗರಿಯ ಖಾಲಿ ಹೊಲದ ಪಕ್ಕ ಬಿಸಿಲಿನಲ್ಲಿ ನಿಂತು, ಮಾಡಲು ಬೇರೇನೂ ತೋಚದೆ, ಕಿಸೆಯಲ್ಲಿದ್ದ ಅಯಸ್ಕಾಂತವನ್ನು ತೆಗೆದು ನನ್ನ ಗಾಡಿಯ ಪೆಟ್ರೋಲ್ ಟಾಕಿಗೆ ಹಚ್ಚಿದೆ. ಪಟ್ಟನೆ ಬಿತ್ತು. ಇನ್ನೊಂದು ಬದಿಗೆ ಹಚ್ಚಿದೆ. ಅಲ್ಲಿಯೂ ಬಿತ್ತು. ಮನ್ನಳ್ಳಿಯ ಆ ಸಜ್ಜನರ ನಗುಮುಖ ಕಣ್ಣ ಮುಂದೆ ಬಂತು.

ಸ್ವಲ್ಪ ಹೊತ್ತಿಗೆ ಕಾರು ತಿರುಗಿ ಬಂತು. ಮುಂದಿನ ಸೀಟಿನಲ್ಲಿ ಕಾಕು ಕೊಟ್ಟ ಹಿಂಡಿಯ ಡಬ್ಬಿ, ಉಪ್ಪಿನಕಾಯಿಯ ಭರಣಿ ಕೂತಿದ್ದವು. ನನಗೆ ಹಿಂದೆಯೇ ಜಾಗ. ಸುಜಾತಾ ಕಿಟಕಿ ಇಳಿಸಿ, ನನ್ನ ಗಾಡಿಯ ಅಡಿಯಲ್ಲಿ ಹರಡುತ್ತಿದ್ದ ಎಣ್ಣೆಯನ್ನೂ, ಕೆಳಗೆ ಬಿದ್ದ ಮಾವಿನಹಣ್ಣನ್ನೂ, ನನ್ನನ್ನೂ ಸಾವಕಾಶವಾಗಿ ನೋಡಿದಳು.

"ಇದನ್ನ ನೋಡಿ ತಂದಿದ್ರೇನ್ರಿ?" ಎಂದು ಕೇಳಿದಳು.